ವಜಾ ಆದೇಶದ ಹಿಂದಿನ ಕಸುಬು

ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ 1993ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ರಿಟ್ ಅರ್ಜಿಯ ಮೇಲೆ 2002ರ ಅಕ್ಟೋಬರ್ 31ರಂದು ತೀರ್ಪು ಬಂತು. ಹನ್ನೊಂದು ನ್ಯಾಯಮೂರ್ತಿಗಳ ಪೀಠ. ಖಾಸಗಿ ಕಾಲೇಜುಗಳ ಸೀಟು, ಶುಲ್ಕ, ಅಲ್ಪಸಂಖ್ಯಾತರ ಹಕ್ಕು ಎಂದೊಡನೆ ಇಂದಿಗೂ ನೆನಪಿಗೆ ಬರುವ ತೀರ್ಪು ಅದು. ಆದರೆ ಮುಖ್ಯ ನ್ಯಾಯಮೂರ್ತಿ ಬಿ.ಎನ್. ಕಿರ್ಪಾಲ್ ಬರೆದ ಬಹುಮತದ ತೀರ್ಪಿನಲ್ಲಿ ಅಷ್ಟಾಗಿ ಚರ್ಚೆಗೆ ಬಾರದ ಒಂದು ಭಾಗವಿದೆ. ಅನುದಾನರಹಿತ ಖಾಸಗಿ ಶಿಕ್ಷಣ ಸಂಸ್ಥೆ ತನ್ನ ಶಿಕ್ಷಕರ ಮೇಲೆ ಶಿಸ್ತುಕ್ರಮ ಕೈಗೊಳ್ಳಲು ಸರಕಾರದ ಒಪ್ಪಿಗೆ ಕೇಳಬೇಕಾಗಿಲ್ಲ ಎಂದಿತು ಪೀಠ. ಅದರ ಬೆನ್ನಿಗೇ ಹೇಳಿತು: ನ್ಯಾಯವಾದ ಆಂತರಿಕ ವಿಚಾರಣೆ ಮಾತ್ರ ನಡೆಯಲೇಬೇಕು, ಅದರ ಫಲಿತಾಂಶದ ಮೇಲಷ್ಟೇ ಕ್ರಮ ಕೈಗೊಳ್ಳಬಹುದು, ನೊಂದವರು ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಅಲೆಯದಂತೆ ಮೇಲ್ಮನವಿಗೆ ನ್ಯಾಯಮಂಡಳಿ ಇರಬೇಕು, ಅದು ಆಗುವವರೆಗೆ ಜಿಲ್ಲಾ ನ್ಯಾಯಾಧೀಶರು ಕೇಳಬೇಕು.

ಕರ್ನಾಟಕಕ್ಕೆ ಇದು ಹೊಸತಾಗಿರಲಿಲ್ಲ. ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಮು ವಿಚಾರಣೆಯಿಲ್ಲದೆ ಖಾಸಗಿ ಸಂಸ್ಥೆಯ ನೌಕರರನ್ನು ವಜಾ ಮಾಡುವಂತಿಲ್ಲ ಎನ್ನುತ್ತದೆ. 94ನೇ ಕಲಮು ಮೇಲ್ಮನವಿಗೆ ಮೂರು ತಿಂಗಳ ಅವಧಿ ಕೊಡುತ್ತದೆ. ಆದರೂ ನಮ್ಮ ಮಣಿಪಾಲದ ಹೆಸರು ಹೊತ್ತ ಮಹಾ ತೀರ್ಪೊಂದರಲ್ಲಿ ಈ ಮಾತು ಕುಳಿತಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಆಡಳಿತಕ್ಕೆ ಸ್ವಾತಂತ್ರ್ಯ ಕೊಡುವ ವಾಕ್ಯದ ಪಕ್ಕದಲ್ಲೇ ಆ ಸ್ವಾತಂತ್ರ್ಯವನ್ನು ಬಳಸುವ ಕ್ರಮವನ್ನೂ ಅದು ಹೇಳಿದೆ.

ಆ ಕ್ರಮವನ್ನು ನಡೆಸಿಕೊಡುವವರು ವಿಚಾರಣಾಧಿಕಾರಿಗಳು. ನಮ್ಮ ಜಿಲ್ಲೆಯಲ್ಲಿ ಈ ಕಸುಬಿಗೆ ಹಳೆಯ ಬೇರುಗಳಿವೆ. ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಹುಟ್ಟಿ ಮಣಿಪಾಲದಲ್ಲಿ ಪ್ರಧಾನ ಕಚೇರಿ ಮಾಡಿಕೊಂಡ ಸಿಂಡಿಕೇಟ್ ಬ್ಯಾಂಕ್, ಇವೆರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಬ್ಯಾಂಕುಗಳಲ್ಲಿ ಶಿಸ್ತುಕ್ರಮ ನಡೆಯುವುದು ಆಡಳಿತಗಳೂ ನೌಕರ ಸಂಘಗಳೂ ಕೂಡಿ ಸಹಿ ಮಾಡಿದ ದ್ವಿಪಕ್ಷೀಯ ಒಪ್ಪಂದಗಳ ಪ್ರಕಾರ. ಕಾನೂನುಬದ್ಧವೂ ಸಮಂಜಸವೂ ಆದ ಆದೇಶವನ್ನು ಬೇಕೆಂದೇ ಮೀರುವುದು ಅಲ್ಲಿ ಗಂಭೀರ ದುರ್ನಡತೆ. ಹಾಗಾಗಿ ಇ.ಓ. ಎಂದರೆ ವಿಚಾರಣಾಧಿಕಾರಿ, ಪಿ.ಓ. ಎಂದರೆ ಆಡಳಿತದ ಪರ ಮಂಡಿಸುವವರು, ಡಿ.ಆರ್. ಎಂದರೆ ನೌಕರನ ಪರ ನಿಲ್ಲುವವರು ಎಂಬುದನ್ನು ಬ್ಯಾಂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆಗಳಲ್ಲಾದರೆ ಈ ಕುರ್ಚಿಗೆ ಸಾಮಾನ್ಯವಾಗಿ ಹೊರಗಿನ ವಕೀಲರನ್ನೋ ನಿವೃತ್ತ ಅಧಿಕಾರಿಗಳನ್ನೋ ಕರೆಸುತ್ತಾರೆ.

ಈ ಕೆಲಸದ ಮೇಲೆ ನನಗಿರುವ ಗೌರವಕ್ಕೆ ಒಂದೇ ಕಾರಣ. ವಿಚಾರಣಾಧಿಕಾರಿಯ ಸಂಭಾವನೆ ಕೊಡುವುದು ಆಡಳಿತ. ಕೋಣೆ ಆಡಳಿತದ್ದು, ಮೇಜು ಆಡಳಿತದ್ದು, ಮಧ್ಯಾಹ್ನದ ಊಟವೂ ಅದರದ್ದೇ. ಅಲ್ಲೇ ಕುಳಿತು ಆಡಳಿತಕ್ಕೆ ಮುಳುವಾಗುವ ಉತ್ತರವನ್ನು ಒಂದಕ್ಷರ ಆಚೀಚೆ ಮಾಡದೆ ಬರೆದುಕೊಳ್ಳಬೇಕು. ಆ ಹೊತ್ತಿನಲ್ಲಿ ಪೆನ್ನು ತಡವರಿಸದವರೇ ಕಸುಬುದಾರರು.

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. ಕಾರ್ಕಳದ ಕಡೆಯ ಒಂದು ಗೇರುಬೀಜದ ಕಾರ್ಖಾನೆ ಎಂದುಕೊಳ್ಳಿ. ಬಾಯ್ಲರಿನ ಹಬೆಯಲ್ಲಿ ಬೆಂದ ಬೀಜ ಆರಿದ ಮೇಲೆ ಕಟ್ಟಿಂಗಿಗೆ ಹೋಗುತ್ತದೆ; ಒಡೆದು ತೆಗೆದ ತಿರುಳು ಬೋರ್ಮಾದಲ್ಲಿ ಒಣಗಿ, ಸಿಪ್ಪೆ ಕಳಚಿಕೊಂಡು, ಕೊನೆಗೆ ಗ್ರೇಡಿಂಗಿಗೆ ಬರುತ್ತದೆ. ಗ್ರೇಡಿಂಗ್ ಒಣ ಕೆಲಸ, ಕೈ ಚೊಕ್ಕಟ. ಕಟ್ಟಿಂಗಿನಲ್ಲಿ ಹಾಗಲ್ಲ, ಚಿಪ್ಪಿನ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಒಂದು ಬೆಳಿಗ್ಗೆ ಕಟ್ಟಿಂಗಿಗೆ ಜನ ಕಡಿಮೆ. ಸೂಪರ್‌ವೈಸರ್ ಬಂದು ಗ್ರೇಡಿಂಗಿನ ಒಬ್ಬ ಹೆಂಗಸನ್ನು ಇವತ್ತು ಅಲ್ಲಿ ಕುಳಿತುಕೊಳ್ಳಿ ಎನ್ನುತ್ತಾರೆ. ಆಕೆ ಹೋಗುವುದಿಲ್ಲ. ನಾಲ್ಕು ಜನರ ಎದುರು ಮಾತು ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರರ ಮೇಜಿನ ಮೇಲೆ ದೂರು ಬಿದ್ದಿರುತ್ತದೆ: ಆದೇಶ ಧಿಕ್ಕರಿಸಿದ್ದಾರೆ, ಕೆಲಸದಿಂದ ತೆಗೆಯಬೇಕು.

ಕಸುಬು ಶುರುವಾಗುವುದು ಈ ದೂರನ್ನು ಆರೋಪಪಟ್ಟಿಯಾಗಿ ಬರೆಯುವಲ್ಲಿ. ಕೋಪದಲ್ಲಿ ಬರೆದದ್ದು ಹೀಗಿರುತ್ತದೆ: ‘ನೀವು ಮೇಲಧಿಕಾರಿಗಳಿಗೆ ಅವಿಧೇಯರಾಗಿ ನಡೆದು ಸಂಸ್ಥೆಯ ವಾತಾವರಣ ಕೆಡಿಸಿದ್ದೀರಿ.’ ಇದಕ್ಕೆ ಯಾರಾದರೂ ಏನೆಂದು ಉತ್ತರ ಕೊಡಬೇಕು? ಯಾವ ದಿನ, ಯಾರಿಗೆ, ಏನು ಹೇಳಿದ್ದಕ್ಕೆ? ನುರಿತವರು ಬರೆಯುವ ಆರೋಪದಲ್ಲಿ ತಾರೀಕು ಇರುತ್ತದೆ, ಬೆಳಿಗ್ಗೆ ಸುಮಾರು 9.40 ಎಂಬ ಹೊತ್ತು ಇರುತ್ತದೆ, ಗ್ರೇಡಿಂಗ್ ಹಾಲಿನ ಯಾವ ಬದಿ ಎಂಬುದೂ ಇರುತ್ತದೆ. ಕೊಟ್ಟ ಆದೇಶ ಕೊಟ್ಟ ಮಾತುಗಳಲ್ಲೇ ಇರುತ್ತದೆ. ಆಕೆ ಆಡಿದರೆನ್ನಲಾದ ಮಾತೂ ಆಡಿದ ಹಾಗೆಯೇ ಇರುತ್ತದೆ, ಅದು ತುಳುವಿನಲ್ಲಿದ್ದರೆ ತುಳುವಿನಲ್ಲೇ. ಬೈಗುಳವಿದ್ದರೆ ‘ಅವಾಚ್ಯ ಶಬ್ದ’ ಎಂದು ಮುಚ್ಚಿಡುವುದಿಲ್ಲ. ಏನು ಬೈದರು ಎಂದು ತಿಳಿಯದೆ ಅದು ಎಷ್ಟು ದೊಡ್ಡ ತಪ್ಪು ಎಂದು ತೂಗುವುದು ಹೇಗೆ? ಕಾರ್ಖಾನೆಯ ಸೇವಾ ನಿಯಮಗಳಾದ ಸ್ಥಾಯಿ ಆದೇಶಗಳ ಯಾವ ಕಲಮಿನಡಿ ಇದು ದುರ್ನಡತೆ ಎಂಬುದು ಕೊನೆಗೆ ಬರುತ್ತದೆ. ಅವರು ತಪ್ಪಿತಸ್ಥರು ಎಂಬ ಧ್ವನಿ ಎಲ್ಲೂ ಇರುವುದಿಲ್ಲ. ‘ಆಪಾದಿಸಲಾಗಿದೆ’ ಎಂಬಲ್ಲಿ ‘ಸಾಬೀತಾಗಿದೆ’ ಎಂದು ಬರೆದುಬಿಟ್ಟರೆ ವಿಚಾರಣೆಗೆ ಮೊದಲೇ ತೀರ್ಮಾನ ಮಾಡಿದ್ದೀರಿ ಎಂದು ಮುಂದೆ ನ್ಯಾಯಾಲಯ ಕೇಳುತ್ತದೆ.

1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಬಂದ ಮಾದರಿ ಆದೇಶಗಳಲ್ಲಿ ದುರ್ನಡತೆಗಳ ಪಟ್ಟಿಯ ಮೊದಲನೆಯದೇ ಈ ಅವಿಧೇಯತೆ. ಅದರ ಒಂದೊಂದು ಪದವನ್ನೂ ಬೇರೆಬೇರೆಯಾಗಿ ಸಾಬೀತು ಮಾಡಬೇಕಾಗುತ್ತದೆ. ಆದೇಶ ಕಾನೂನುಬದ್ಧವಾಗಿರಬೇಕು. ಸಮಂಜಸವಾಗಿರಬೇಕು. ಕೊಟ್ಟವರು ಮೇಲಧಿಕಾರಿಯಾಗಿರಬೇಕು. ಮೀರಿದ್ದು ಬೇಕೆಂದೇ ಆಗಿರಬೇಕು. ನಮ್ಮ ಉದಾಹರಣೆಯಲ್ಲಿ ಸೂಪರ್‌ವೈಸರ್ ಮೇಲಧಿಕಾರಿ ಹೌದು. ಒಂದು ವಿಭಾಗದಿಂದ ಇನ್ನೊಂದಕ್ಕೆ ಕಳುಹಿಸುವುದೂ ಸಾಮಾನ್ಯವಾಗಿ ಆಡಳಿತದ ಅಧಿಕಾರವೇ. ಆದರೆ ಕೈಗವಸು ಕೊಡದೆ ಕಟ್ಟಿಂಗಿಗೆ ಕಳುಹಿಸಿದ್ದರೆ ಆ ಆದೇಶ ಸಮಂಜಸವೇ? ಕೈಗವಸು ಕೊಡಿ ಎಂದು ಕೇಳಿ ಆಕೆ ಅಲ್ಲೇ ಕುಳಿತಿದ್ದರೆ ಅದು ಬೇಕೆಂದೇ ಮೀರಿದ್ದೇ? ಇಡೀ ವಿಚಾರಣೆ ತಿರುಗುವುದು ಈ ಎರಡು ಪ್ರಶ್ನೆಗಳ ಸುತ್ತ.

‘ಬೇಕೆಂದೇ’ ಎಂಬುದರ ತೂಕ ಎಷ್ಟೆಂದು ತೋರಿಸಲು ಇಂಗ್ಲೆಂಡಿನ 1959ರ ಒಂದು ತೀರ್ಪನ್ನು ಕಾರ್ಮಿಕ ಕಾನೂನಿನ ಪಾಠಗಳಲ್ಲಿ ಹೇಳುವುದುಂಟು. ಲಂಡನ್ನಿನ ಪತ್ರಿಕಾ ಕಂಪೆನಿಯೊಂದರ ಜಾಹೀರಾತು ವಿಭಾಗಕ್ಕೆ ಹೊಸದಾಗಿ ಸೇರಿದ್ದ ಹೆಣ್ಣುಮಗಳೊಬ್ಬಳು ತನ್ನ ಮೇಲಧಿಕಾರಿಗೂ ವ್ಯವಸ್ಥಾಪಕ ನಿರ್ದೇಶಕರಿಗೂ ಜಗಳ ನಡೆಯುತ್ತಿದ್ದ ಕೋಣೆಯಲ್ಲಿದ್ದಳು. ಮೇಲಧಿಕಾರಿ ಹೊರಟು ನಿಂತು ಬಾ ಎಂದರು. ನಿರ್ದೇಶಕರು ಅಲ್ಲೇ ಇರು ಎಂದರು. ಆಕೆ ಮೇಲಧಿಕಾರಿಯ ಹಿಂದೆ ಹೋದಳು, ಕೆಲಸ ಹೋಯಿತು. ಲಾರ್ಡ್ ಎವರ್‌ಶೆಡ್ ಇದ್ದ ಪೀಠ ಆ ವಜಾ ತಪ್ಪು ಎಂದಿತು. ಆದೇಶ ಮೀರಿದ್ದು ನಿಜ. ಆದರೆ ಒಪ್ಪಂದವನ್ನೇ ಕಿತ್ತೊಗೆಯುವ ಮನಸ್ಸು ಅಲ್ಲಿ ಕಾಣುವುದಿಲ್ಲ ಎಂಬುದು ಅದರ ಸಾರ. ಎರಡು ಆದೇಶಗಳ ನಡುವೆ ಸಿಕ್ಕಿಬಿದ್ದ ಕೆಲಸಗಾರರನ್ನು ನಾವು ಕಾಪುವಿನ ಅಂಗಡಿಯಲ್ಲೂ ಮಣಿಪಾಲದ ಕಚೇರಿಯಲ್ಲೂ ದಿನಾ ನೋಡುತ್ತೇವೆ.

ವಿಚಾರಣೆಯ ಮೊದಲ ಬೈಠಕ್ಕು ಬೇಗ ಮುಗಿಯುತ್ತದೆ. ಆರೋಪ ಓದಿ ಹೇಳುವುದು, ಅರ್ಥವಾಯಿತೇ, ಒಪ್ಪುತ್ತೀರಾ ಎಂದು ಕೇಳುವುದು, ಸಹಾಯಕ್ಕೆ ಯಾರನ್ನು ಕರೆತರುತ್ತೀರಿ ಎಂದು ಕೇಳುವುದು. ಸಂಘದ ಪದಾಧಿಕಾರಿಯನ್ನು ಕರೆತರುವ ಹಕ್ಕು ಮಾದರಿ ಆದೇಶಗಳಲ್ಲೇ ಇದೆ. ಇಲ್ಲಿ ಒಳ್ಳೆಯ ಅಧಿಕಾರಿ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ. ಎದುರಿಗೆ ಕುಳಿತವರು ಕಾಗದ ಕಂಡರೆ ಹೆದರುವವರಾದರೆ ಸಾಕ್ಷಿ ಎಂದರೇನು, ಪಾಟೀಸವಾಲು ಎಂದರೇನು, ನೀವೂ ನಿಮ್ಮ ಕಡೆಯವರನ್ನು ಕರೆಸಬಹುದು ಎಂಬುದನ್ನೆಲ್ಲ ಅವರ ಭಾಷೆಯಲ್ಲಿ ಬಿಡಿಸಿ ಹೇಳಿ, ಹೇಳಿದ್ದನ್ನು ನಡಾವಳಿಯಲ್ಲಿ ಬರೆದುಕೊಳ್ಳುತ್ತಾರೆ.

ಆಮೇಲೆ ಸಾಕ್ಷಿಗಳು. ಮೊದಲು ಆಡಳಿತದವರೇ ತಮ್ಮ ಸಾಕ್ಷಿಗಳನ್ನು ತರಬೇಕು. ಆಪಾದಿತರನ್ನೇ ಎದುರಿಗೆ ಕೂರಿಸಿಕೊಂಡು ‘ಹೇಳಿ, ಯಾಕೆ ಹೀಗೆ ಮಾಡಿದಿರಿ’ ಎಂದು ಶುರುಮಾಡುವುದು ಕೂಡದೆಂದು ಅಸೋಸಿಯೇಟೆಡ್ ಸಿಮೆಂಟ್ ಕಂಪೆನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿ ಅರುವತ್ತು ವರ್ಷ ದಾಟಿತು. ಆ ಕಾಲದ್ದೇ ಇನ್ನೊಂದು, ಬಂಗಾಳದ ಮೀನ್‌ಗ್ಲಾಸ್ ಚಹಾ ತೋಟದ 1963ರ ಪ್ರಕರಣ. ಕಾರ್ಮಿಕರು ಮುತ್ತಿಗೆ ಹಾಕಿ ಹಲ್ಲೆ ಮಾಡಿದರೆಂಬ ಆರೋಪ. ಪೆಟ್ಟು ತಿಂದೆವೆಂದ ಮ್ಯಾನೇಜರುಗಳೇ ವಿಚಾರಣೆಗೂ ಕುಳಿತಿದ್ದರು. ಒಬ್ಬರೇ ಸಾಕ್ಷಿಯೂ ನ್ಯಾಯಾಧೀಶರೂ ಆಗಲು ಬರುವುದಿಲ್ಲ ಎಂದು ಕೋರ್ಟು ಅದನ್ನು ತಳ್ಳಿಹಾಕಿತು. ಅದೇ ವರ್ಷದ ಸುರ್ ಎನಾಮಲ್ ಪ್ರಕರಣದ ತೀರ್ಪು ಸರಿಯಾದ ವಿಚಾರಣೆ ಹೇಗಿರಬೇಕು ಎಂಬುದನ್ನು ಐದು ಮಾತಿನಲ್ಲಿ ಹೇಳಿಬಿಟ್ಟಿದೆ. ಆರೋಪ ಸ್ಪಷ್ಟವಾಗಿ ತಿಳಿಸಿರಬೇಕು, ಸಾಕ್ಷಿಗಳು ನೌಕರನ ಎದುರಿನಲ್ಲೇ ಹೇಳಬೇಕು, ಅವರಿಗೆ ಪಾಟೀಸವಾಲು ಹಾಕಲು ಅವಕಾಶವಿರಬೇಕು, ತನ್ನ ಪರ ತಾನೂ ಹೇಳಿ ಸಾಕ್ಷಿಗಳನ್ನೂ ಕರೆಸಲು ಅವಕಾಶವಿರಬೇಕು, ತೀರ್ಮಾನವನ್ನು ಕಾರಣ ಸಮೇತ ಬರೆಯಬೇಕು. ಇಂದಿಗೂ ನುರಿತ ವಿಚಾರಣಾಧಿಕಾರಿಗಳ ತಲೆಯಲ್ಲಿ ಓಡುವ ಲೆಕ್ಕ ಈ ಐದೇ.

ನಮ್ಮ ಕಾರ್ಖಾನೆಯ ಕೋಣೆಗೆ ಬರೋಣ. ಸೂಪರ್‌ವೈಸರ್ ತನ್ನ ಮುಖ್ಯ ಹೇಳಿಕೆ ಮುಗಿಸಿದ್ದಾರೆ. ಸಂಘದವರು ಪಾಟೀಸವಾಲಿಗೆ ಎದ್ದಿದ್ದಾರೆ.

‘ಆ ದಿನ ಕಟ್ಟಿಂಗಿನಲ್ಲಿ ಕೈಗವಸು ಎಷ್ಟು ಜೊತೆ ಇತ್ತು?’

‘ಲೆಕ್ಕ ನಾನು ನೋಡಿಲ್ಲ.’

‘ಕೈಗವಸು ಕೊಟ್ಟರೆ ಹೋಗ್ತೇನೆ ಅಂತ ಅವರು ಹೇಳಿದ್ದು ನಿಮಗೆ ಕೇಳಿತಾ?’

‘ಎಂತದೋ ಹೇಳಿದ್ರು. ಆಚೆ ಬದಿಯ ಮೆಷಿನಿನ ಸದ್ದಿಗೆ ಸರಿ ಕೇಳ್ಲಿಲ್ಲ.’

ಈ ಉತ್ತರವನ್ನು ಹೇಗೆ ಬರೆಯುತ್ತಾರೆ ಎಂಬುದರಲ್ಲಿ ಅಧಿಕಾರಿಯ ಗುಣ ಗೊತ್ತಾಗುತ್ತದೆ. ‘ಆಕೆ ಹಾಗೆ ಹೇಳಿದ್ದು ನನಗೆ ತಿಳಿದಿಲ್ಲ’ ಎಂದು ಅಚ್ಚುಕಟ್ಟಾಗಿ ಬರೆದರೂ ಕೋಣೆಯಲ್ಲಿ ಯಾರೂ ಆಕ್ಷೇಪಿಸಲಿಕ್ಕಿಲ್ಲ. ಆದರೆ ಆಗ ‘ಎಂತದೋ ಹೇಳಿದ್ರು’ ಎಂಬುದು ಮಾಯವಾಗುತ್ತದೆ. ಆಕೆ ಸುಮ್ಮನೆ ಹಟ ಹಿಡಿದಿರಲಿಲ್ಲ, ಏನೋ ಕಾರಣ ಹೇಳಿದ್ದರು ಎಂಬುದಕ್ಕೆ ಆಡಳಿತದ ಸಾಕ್ಷಿಯೇ ಕೊಟ್ಟ ಒಪ್ಪಿಗೆ ಅದು. ಕಸುಬು ಬಲ್ಲವರು ಅದನ್ನು ಹಾಗೆಯೇ ಬರೆಯುತ್ತಾರೆ. ಸಾಕ್ಷಿ ತುಳುವಿನಲ್ಲಿ ಹೇಳಿದರೆ ಕನ್ನಡದಲ್ಲಿ ಬರೆದುಕೊಂಡು, ಮತ್ತೆ ತುಳುವಿನಲ್ಲೇ ಓದಿ ಹೇಳಿ, ಸರಿ ಇದೆ ಎಂದ ಮೇಲೆ ಪ್ರತಿ ಪುಟಕ್ಕೂ ಸಹಿ ಹಾಕಿಸುತ್ತಾರೆ: ಸಾಕ್ಷಿಯದ್ದು, ಎರಡೂ ಕಡೆಯವರದ್ದು, ಕೊನೆಗೆ ತಮ್ಮದು. ಅಂದಿನ ನಡಾವಳಿಯ ಪ್ರತಿಯನ್ನು ಅಂದೇ ಆಪಾದಿತರ ಕೈಗೆ ಕೊಡುತ್ತಾರೆ. ಕೆಲವು ವರ್ಷ ಕಳೆದು ಈ ಕೋಣೆಯನ್ನು ಕಾಣದ ನ್ಯಾಯಾಧೀಶರೊಬ್ಬರು ಈ ಹಾಳೆಗಳನ್ನಷ್ಟೇ ಓದಿ ಅಂದು ಬೆಳಿಗ್ಗೆ 9.40ಕ್ಕೆ ನಡೆದದ್ದನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಆ ಓದುಗರಿಗಾಗಿ ಬರೆಯುವ ತಾಳ್ಮೆಯೇ ಈ ಕಸುಬಿನಲ್ಲಿ ನಾನು ಅತ್ಯಂತ ಮೆಚ್ಚುವುದು.

ಎಲ್ಲರೂ ವಿಚಾರಣೆಗೆ ಬರುತ್ತಾರೆ ಎಂದೇನಿಲ್ಲ. ನೋಟಿಸನ್ನು ತೆಗೆದುಕೊಳ್ಳದೆ ವಾಪಸು ಕಳುಹಿಸುವವರೂ ಇದ್ದಾರೆ. ಸಿಂಡಿಕೇಟ್ ಬ್ಯಾಂಕಿಗೂ ಅದರ ನೌಕರರ ಸಂಘಕ್ಕೂ ನಡೆದ ಮೊಕದ್ದಮೆಯೊಂದು 2000ದಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಬಹುದಿನ ಗೈರುಹಾಜರಾದ ನೌಕರನಿಗೆ ದ್ವಿಪಕ್ಷೀಯ ಒಪ್ಪಂದದ ಪ್ರಕಾರ ಬ್ಯಾಂಕು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳುಹಿಸಿತ್ತು; ‘ತೆಗೆದುಕೊಳ್ಳಲು ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಅದು ಮರಳಿ ಬಂತು. ಅವಕಾಶ ಕೊಟ್ಟೂ ಬೇಡವೆಂದವರಿಗೆ ಅವಕಾಶ ಸಿಗಲಿಲ್ಲ ಎನ್ನಲಾಗದು ಎಂದು ಕೋರ್ಟು ಬ್ಯಾಂಕಿನ ಪರ ನಿಂತಿತು. ನ್ಯಾಯಯುತ ಕ್ರಮ ಎಂಬುದು ಎರಡೂ ಕಡೆಯವರ ಮೇಲೆ ಹೊಣೆ ಹೊರಿಸುತ್ತದೆ. ಆದರೆ ಆ ಲಕೋಟೆ, ಅದರ ಮೇಲಿನ ಷರಾ, ಅಂಚೆ ರಸೀದಿ ಮೂರೂ ಕಡತದಲ್ಲಿ ಜೋಪಾನವಾಗಿ ಇದ್ದರೆ ಮಾತ್ರ ಆಡಳಿತ ಹೀಗೆ ಗೆಲ್ಲುತ್ತದೆ. ಏಕಪಕ್ಷೀಯವಾಗಿ ನಡೆಸಿದರೂ ಸಾಕ್ಷಿ ಹೇಳಿಸಲೇಬೇಕು. ಬಾರದ್ದರಿಂದ ಆರೋಪ ತಾನಾಗಿ ಸಾಬೀತಾಗುವುದಿಲ್ಲ.

ಅಮಾನತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಶಿಕ್ಷೆಯಲ್ಲ; ಮೊದಲ 90 ದಿನ ಅರ್ಧ ವೇತನ, ಆಮೇಲೂ ಎಳೆದರೆ ಮತ್ತು ವಿಳಂಬ ನೌಕರನಿಂದ ಆಗದಿದ್ದರೆ ಮುಕ್ಕಾಲು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಇದನ್ನು ಉಳಿಸಿಕೊಂಡು, ವಿಚಾರಣೆಯನ್ನೂ ಸಾಮಾನ್ಯವಾಗಿ ಅಮಾನತಾದ 90 ದಿನಗಳೊಳಗೆ ಮುಗಿಸಬೇಕೆನ್ನುತ್ತದೆ. ಅದೇ ಸಂಹಿತೆ ಸ್ಥಾಯಿ ಆದೇಶಗಳನ್ನು 300 ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ ಸೀಮಿತಗೊಳಿಸಿದ್ದು ನನಗೆ ಸರಿಯೆನಿಸುವುದಿಲ್ಲ. ನಮ್ಮ ಕಡೆ ಅಷ್ಟು ಜನರಿರುವ ಕಾರ್ಖಾನೆಗಳು ಬೆರಳೆಣಿಕೆಯವು. ಬರೆದಿಟ್ಟ ನಿಯಮ ಹೆಚ್ಚು ಬೇಕಾದದ್ದು ಸಣ್ಣ ಕಡೆಗಳಲ್ಲೇ.

ಸಣ್ಣ ಕಡೆ ಎಂದಾಗ ಒಂದು ಮಾತು. ಉಡುಪಿಯ ಹೋಟೆಲು, ಕಾಪುವಿನ ಬಟ್ಟೆ ಅಂಗಡಿ ಇಂಥಲ್ಲಿ ಇದೆಲ್ಲ ಯಾಕೆ ಎನ್ನುವವರಿದ್ದಾರೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಕಲಮಿನ ಪ್ರಕಾರ ಆರು ತಿಂಗಳು ಸತತವಾಗಿ ದುಡಿದವರನ್ನು ಸಮಂಜಸ ಕಾರಣ ಮತ್ತು ಒಂದು ತಿಂಗಳ ನೋಟಿಸು ಅಥವಾ ಅದರ ಬದಲಿನ ವೇತನವಿಲ್ಲದೆ ತೆಗೆಯುವಂತಿಲ್ಲ. ದುರ್ನಡತೆ ಎಂದು ನೋಟಿಸಿಲ್ಲದೆ ತೆಗೆಯಬೇಕಾದರೆ ವಿಚಾರಣೆ ನಡೆಸಿ ತೃಪ್ತಿಕರ ಸಾಕ್ಷ್ಯ ದಾಖಲಿಸಿರಬೇಕು. ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಒಂದು ಸಂಜೆ ಮೂರು ಜನ ಕುಳಿತು ನಾಲ್ಕು ಹಾಳೆಯಲ್ಲಿ ಮುಗಿಸುವ ವಿಚಾರಣೆಯೂ ಮೇಲಿನ ಐದು ಮಾತು ನಡೆಸಿಕೊಟ್ಟಿದ್ದರೆ ನಿಲ್ಲುತ್ತದೆ.

ಸಾಕ್ಷ್ಯ ಮುಗಿದ ಮೇಲೆ ವರದಿ. ಕ್ರಿಮಿನಲ್ ಕೋರ್ಟಿನಂತೆ ಸಂಶಯಾತೀತವಾಗಿ ಸಾಬೀತಾಗಬೇಕೆಂದಿಲ್ಲ, ಯಾವ ಕಡೆಯ ಮಾತು ಹೆಚ್ಚು ನಂಬುವಂತಿದೆ ಎಂದು ತೂಗಿದರೆ ಸಾಕು. ಆದರೆ ಯಾಕೆ ನಂಬಿದೆ ಎಂದು ಹೇಳಬೇಕು. ನಮ್ಮ ಉದಾಹರಣೆಯ ವರದಿಯನ್ನು ಬಲ್ಲವರು ಹೀಗೆ ಬರೆದಾರು: ಆದೇಶ ಕೊಟ್ಟದ್ದು, ಆಕೆ ಹೋಗದೆ ಉಳಿದದ್ದು ಎರಡೂ ಸಾಬೀತು, ಆದರೆ ಕೈಗವಸು ಇತ್ತೆಂದು ಆಡಳಿತ ತೋರಿಸಿಲ್ಲ, ಆಕೆ ಕಾರಣ ಹೇಳಿದ್ದರೆಂಬುದನ್ನು ಆಡಳಿತದ ಸಾಕ್ಷಿಯೂ ಪೂರ್ತಿ ಅಲ್ಲಗಳೆದಿಲ್ಲ, ಹಾಗಾಗಿ ಬೇಕೆಂದೇ ಮಾಡಿದ ಅವಿಧೇಯತೆ ಸಾಬೀತಾಗಿಲ್ಲ. ಶಿಕ್ಷೆಯ ಬಗ್ಗೆ ಅವರು ಒಂದು ಮಾತನ್ನೂ ಬರೆಯುವುದಿಲ್ಲ, ಅದು ಅವರ ಕೆಲಸವಲ್ಲ.

ಬೇರೆ ಪ್ರಕರಣವಾದರೆ ವರದಿ ಬೇರೆಯೇ ಇರುತ್ತದೆ. ಅದೇ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವರಿಗೆ ಬದಲಿ ಜನ ಬರುವವರೆಗೆ ಜಾಗ ಬಿಡಬೇಡಿ ಎಂದು ಲಿಖಿತವಾಗಿ ಹೇಳಿದೆ, ಎರಡು ಬಾರಿ ಎಚ್ಚರಿಕೆ ಪತ್ರ ಕೊಟ್ಟಾಗಿದೆ, ಮೂರನೆಯ ಬಾರಿಯೂ ಹಬೆ ಏರಿರುವಾಗಲೇ ಬಿಟ್ಟು ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಇಲ್ಲಿ ಆರೋಪ ಸಾಬೀತಾದರೆ ವಜಾ ಅತಿಯಲ್ಲ. ಆದರೂ ವರದಿಯ ಪ್ರತಿಯನ್ನು ಮೊದಲು ಅವರಿಗೆ ಕೊಟ್ಟು ಏನು ಹೇಳುತ್ತೀರಿ ಎಂದು ಕೇಳಬೇಕು. ಇದು 1993ರ ಕರುಣಾಕರ್ ಪ್ರಕರಣದಿಂದ ಬಂದ ನಿಯಮ. ಆಮೇಲೆ ತಪ್ಪಿನ ಗಾತ್ರ, ಹಿಂದಿನ ಸೇವೆ, ತಪ್ಪನ್ನು ಹಗುರ ಅಥವಾ ಭಾರ ಮಾಡುವ ಸಂದರ್ಭಗಳನ್ನೆಲ್ಲ ನೋಡಿದ್ದೇವೆ ಎಂದು ಶಿಸ್ತು ಪ್ರಾಧಿಕಾರ ಆದೇಶದಲ್ಲಿ ಕಾಣಿಸಬೇಕು. ವಿಚಾರಣೆ ಸರಿಯಾಗಿದ್ದರೂ ಶಿಕ್ಷೆ ತಪ್ಪಿಗಿಂತ ದೊಡ್ಡದೆನಿಸಿದರೆ ಅದನ್ನು ತಗ್ಗಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ 1971ರ ತಿದ್ದುಪಡಿಯಿಂದ ಬಂತು, ಹೊಸ ಸಂಹಿತೆಯಲ್ಲಿ ಅದು ನ್ಯಾಯಮಂಡಳಿಗೆ ಮುಂದುವರಿದಿದೆ. ವಿಚಾರಣೆಯೇ ಕೆಟ್ಟಿದ್ದರೆ ಮತ್ತೆ ನ್ಯಾಯಾಲಯದ ಮುಂದೆ ಸಾಕ್ಷ್ಯ ಕೊಡುವ ಅವಕಾಶ ಆಡಳಿತಕ್ಕಿದೆ. ಆದರೆ ಅದನ್ನು ತನ್ನ ಮೊದಲ ಹೇಳಿಕೆಯಲ್ಲೇ ಕೇಳಿಕೊಂಡಿರಬೇಕು ಎಂದು ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ 2001ರ ಲಕ್ಷ್ಮೀದೇವಮ್ಮ ಪ್ರಕರಣದಲ್ಲಿ ಸಂವಿಧಾನ ಪೀಠ ತೀರ್ಮಾನಿಸಿತು.

ವಜಾ ಆದೇಶದ ಕೊನೆಯ ಪ್ಯಾರಾ ಹಣದ್ದು, ಅಲ್ಲೂ ಬರೆಯುವವರ ಕೈ ಗೊತ್ತಾಗುತ್ತದೆ. ವಜಾ ಆದವರಿಗೆ ಏನೂ ಇಲ್ಲ ಎಂಬ ನಂಬಿಕೆ ಮಾಲೀಕರಲ್ಲೂ ಇದೆ, ಕಾರ್ಮಿಕರಲ್ಲೂ ಇದೆ. 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿದ್ದು ಈಗ ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿರುವ ನಿಯಮ ಹಾಗೆ ಹೇಳುವುದಿಲ್ಲ. ಆಸ್ತಿಗೆ ನಷ್ಟವಾಗಿದ್ದರೆ ಆ ನಷ್ಟದಷ್ಟು, ಹಿಂಸೆ, ದೊಂಬಿ ಅಥವಾ ನೈತಿಕ ಅಧಃಪತನದ ಅಪರಾಧವಾದರೆ ಭಾಗಶಃ ಅಥವಾ ಪೂರ್ತಿ ಮುಟ್ಟುಗೋಲು ಹಾಕಬಹುದು. ಬರಿಯ ಅವಿಧೇಯತೆಗೆ ಹಾಕುವಂತಿಲ್ಲ. ಬಾಯ್ಲರಿನವರು 12 ವರ್ಷ ದುಡಿದಿದ್ದಾರೆ, ಲೆಕ್ಕಕ್ಕೆ ಬರುವ ತಿಂಗಳ ವೇತನ 15,600 ರೂಪಾಯಿ ಎಂದುಕೊಳ್ಳಿ. ಅದನ್ನು 26ರಿಂದ ಭಾಗಿಸಿದರೆ ದಿನಕ್ಕೆ 600, ವರ್ಷಕ್ಕೆ 15 ದಿನದಂತೆ 9,000, ಹನ್ನೆರಡು ವರ್ಷಕ್ಕೆ 1,08,000 ರೂಪಾಯಿ. ಭವಿಷ್ಯನಿಧಿಯಂತೂ ಅವರದ್ದೇ. ಬಲ್ಲವರು ಬರೆದ ಆದೇಶದಲ್ಲಿ ಈ ಮೊತ್ತವನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆದು, 30 ದಿನಗಳೊಳಗೆ ಪಾವತಿಸಲಾಗುವುದು ಎಂಬ ಸಾಲಿನ ಕೆಳಗೆ ಸಹಿ ಇರುತ್ತದೆ.